ಅಂಟಿಸದೆ ಬಿಟ್ಟ ಏಳು ಚೀಟಿ

ಕಳೆದ ತಿಂಗಳು ಕೆಸರೆ ಬಡಾವಣೆಯ ಗೋಡೆಯೊಂದಕ್ಕೆ ಪೋಸ್ಟರ್ ಹಚ್ಚುತ್ತಿದ್ದವರ ಬಕೆಟ್ಟಿನಿಂದ ಮೈದಾ ಅಂಟಿನ ವಾಸನೆ ಬಂತು. ಬೆಂದ ಹಿಟ್ಟಿನ ಕಮಟು, ಅದರೊಳಗೆ ಹುಳ ಬೀಳದಿರಲೆಂದು ಹಾಕುವ ಮೈಲುತುತ್ತದ ಘಾಟು. ಸ್ಕೂಟರ್ ನಿಲ್ಲಿಸಿ ಅಲ್ಲೇ ನಿಂತುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಎಲ್ಲಿದ್ದರೂ ಎಳೆದುಕೊಂಡು ಹೋಗಿ ಈಗ ಇಲ್ಲದ ಮನೆಯೊಂದರ ನಡುಮನೆಯಲ್ಲಿ ಕೂರಿಸುತ್ತದೆ. ನನ್ನನ್ನು ಅದು ಕೂರಿಸುವುದು ಅಶೋಕಪುರಂನ ನಮ್ಮ ಹೆಂಚಿನ ಮನೆಯಲ್ಲಿ, ತಾತನ ಪಕ್ಕದಲ್ಲಿ. ಅಲ್ಲಿ ಕೂರಲು ನನಗೆ ಮುಖವಿಲ್ಲ ಎಂಬುದನ್ನು ನಿಮಗೆ ಹೇಳುತ್ತಿರುವುದೇ ಮೊದಲು. ಅಕ್ಕನಿಗೂ ಇಂದಿನವರೆಗೆ ಹೇಳಿಲ್ಲ.

ತಾತ ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತಿದ್ದವರು. ಕೆಲಸ ಬಿಟ್ಟ ಮೇಲೂ ತಿದ್ದುವ ಚಟ ಬಿಡಲಿಲ್ಲ. ಬೇಸಿಗೆಯಲ್ಲಿ ನಾವಾಡುವ ಚೌಕಾಬಾರಕ್ಕೆ ಅವರೇ ನಿಯಮ ಬರೆದು, ನಾನೂ ಅಕ್ಕನೂ ಕಿತ್ತಾಡಿದಾಗಲೆಲ್ಲ ತಿದ್ದಿ, ಹಾಳೆಯ ತಲೆಗೆ ‘ಪರಿಷ್ಕೃತ ನಾಲ್ಕನೇ ಮುದ್ರಣ’ ಎಂದು ಹಾಕಿ ಗೋಡೆಗೆ ಅಂಟಿಸುತ್ತಿದ್ದರು. ಸಾಮಾನ್ಯ ಜ್ಞಾನದ ಪುಸ್ತಕಕ್ಕೂ ಇದೇ ಉಪಚಾರ. ಅಂಗಡಿಗೆ ವರ್ಷವರ್ಷವೂ ಹೊಸ ಆವೃತ್ತಿ ಬರುತ್ತಿತ್ತು. ನಮ್ಮಲ್ಲಿದ್ದದ್ದು ಒಂದೇ ಹಳೆಯ ಪ್ರತಿ. ತಾತ ಲೈಬ್ರರಿಯಲ್ಲಿ ಕೂತು, ಹೊಸದರಲ್ಲಿ ಬದಲಾದದ್ದನ್ನೆಲ್ಲ ಅಚ್ಚಿನಂಥ ಅಕ್ಷರದಲ್ಲಿ ಸಣ್ಣ ಚೀಟಿಗಳಿಗೆ ಇಳಿಸಿಕೊಂಡು ಬರುತ್ತಿದ್ದರು. ಹಳೆಯ ಉತ್ತರದ ಮೇಲೆ ಅವನ್ನು ಅಂಟಿಸುವುದು ನನ್ನ ಕೆಲಸ. ಆ ಪುಸ್ತಕ ಓದಿಯೇ ಅಕ್ಕ ಶಾಲೆಯ ರಸಪ್ರಶ್ನೆಯಲ್ಲಿ ಎರಡು ವರ್ಷ ಮೆಡಲ್ ಗೆದ್ದಳು. ತಾತ ಅದನ್ನು ತಮ್ಮ ಕೊರಳಿಗೆ ಹಾಕಿಕೊಂಡು ಬೀದಿಯ ತುದಿಯವರೆಗೂ ಹೋಗಿಬರುತ್ತಿದ್ದರು.

ಅಕ್ಕ ಹತ್ತನೇ ತರಗತಿಗೆ ಬಂದ ವರ್ಷ ನಾನು ಎಂಟಕ್ಕೆ ಬಂದೆ. ಸ್ಪರ್ಧೆಗೆ ನಿಲ್ಲುವ ಅವಕಾಶ ನನಗೂ ಸಿಕ್ಕಿತು. ಮೂರು ವರ್ಷ ಸತತವಾಗಿ ಗೆದ್ದವರ ಹೆಸರನ್ನು ಶಾಲೆಯ ಹಲಗೆಯ ಮೇಲೆ ಬರೆಸುತ್ತಿದ್ದರು. ಅಕ್ಕನಿಗೆ ಅದೊಂದೇ ಧ್ಯಾನ. ಮನೆಗೆ ಬಂದವರು ಅವಳನ್ನು ಹೊಗಳಿ, ನನ್ನ ಕಡೆ ತಿರುಗಿ, “ಇವ್ಳು ಎಂಗೆ?” ಎನ್ನುತ್ತಿದ್ದರು. ಒಮ್ಮೆ ಅಮ್ಮ ನಗುತ್ತ, “ಇವ್ಳು ಅಂಟು ಬಳಿಯಕ್ಕೆ ಲಾಯಕ್ಕು ಬುಡಿ,” ಎಂದಳು. ಹೊಟ್ಟೆ ಉರಿದುಹೋಯಿತು. ಆ ಸಲದ ಚೀಟಿಗಳಲ್ಲಿ ಏಳನ್ನು ನಾನು ಅಂಟಿಸಲಿಲ್ಲ. ಬಾಯಿಪಾಠ ಮಾಡಿಕೊಂಡು ನೀರೊಲೆಗೆ ಹಾಕಿದೆ.

ಕೊನೆಯ ಸುತ್ತಿನಲ್ಲಿ ಉಳಿದದ್ದು ನಾವಿಬ್ಬರೇ. ಮೇಷ್ಟ್ರು ಮ್ಯಾನ್ಮಾರಿನ ರಾಜಧಾನಿ ಕೇಳಿದರು. ಅಕ್ಕ ಧೈರ್ಯವಾಗಿ “ಯಾಂಗೂನ್” ಎಂದಳು. ಪುಸ್ತಕದಲ್ಲಿ ಹಾಗೇ ಇತ್ತು. ರಾಜಧಾನಿ ಬದಲಾದ ಸುದ್ದಿ ನಾನು ಸುಟ್ಟ ಚೀಟಿಯಲ್ಲಿತ್ತು. ಪ್ರಶ್ನೆ ನನಗೆ ದಾಟಿತು. “ನೇಪಿಡಾ,” ಎಂದೆ. ಮೆಡಲ್ ನನ್ನ ಕೊರಳಿಗೆ ಬಿದ್ದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅಕ್ಕ. ಮನೆಯವರೆಗೂ ನನ್ನ ಚೀಲವನ್ನು ಅವಳೇ ಹೊತ್ತಳು.

ಮನೆಗೆ ಬಂದು ಅವಳು ಆ ಪುಟ ತೆಗೆದು ತೋರಿಸಿದಳು. ತಾತ ಕನ್ನಡಕ ಒರೆಸಿಕೊಂಡು, ಲೈಬ್ರರಿಯ ಹೊಸ ಪುಸ್ತಕವನ್ನೇ ತಂದಿಟ್ಟುಕೊಂಡು ಎರಡು ದಿನ ಹೋಲಿಸಿ ನೋಡಿದರು. ಏಳು ಕಡೆ ಚೀಟಿಯಿಲ್ಲ. ನನಗೆ ಉತ್ತರ ಹೇಗೆ ಗೊತ್ತಿತ್ತೆಂದು ಕೇಳಿದಾಗ ಗೆಳತಿಯ ಪುಸ್ತಕದಲ್ಲಿ ಓದಿದೆನೆಂದೆ. ಅಷ್ಟಕ್ಕೇ ನಂಬಿದರು. ಅಕ್ಕನನ್ನು ಕರೆದು, “ಬರ್ದಿದ್ದೆ ಅಂದ್ಕಂಡಿದ್ದೆ ಕಣವ್ವ. ಏಳು ಬುಟ್‌ಬುಟ್ಟಿದ್ದೀನಿ. ಯಾವತ್ತೂ ಇಂಗಾಗಿರ್ಲಿಲ್ಲ,” ಎಂದರು. ಕೈ ಮುಗಿಯಲು ಹೋದರು. ಅಕ್ಕ ಆ ಕೈಗಳನ್ನು ಹಿಡಿದುಕೊಂಡು ಅತ್ತಳು. ಅಂಟಿಸುತ್ತಿದ್ದವಳು ನಾನೇ, ಆದರೂ ನನ್ನ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ. ಇವತ್ತಿಗೂ ನನ್ನನ್ನು ಸುಡುವುದು ಅದೇ.

ಮರುವರ್ಷ, ಎಲ್ಲ ಮೊದಲಿನಂತಾಗಲಿ ಎಂಬ ಆಸೆಯಿಂದ, ಲೈಬ್ರರಿಗೆ ಹೋಗೋಣ ಬನ್ನಿ ಎಂದು ತಾತನನ್ನು ಕರೆದೆ. ಅವರು ಪೆಟ್ಟಿಗೆಯಿಂದ ಹೊಚ್ಚ ಹೊಸ ಪುಸ್ತಕವೊಂದನ್ನು ತೆಗೆದು ನನ್ನ ಕೈಗಿಟ್ಟರು. “ಇದ್ರಲ್ಲಿ ಓದ್ಕೊ ಮಗ. ನನ್ನ ನಂಬ್ಕಂಡು ನಿಮ್ಮಕ್ಕ ಕೆಟ್ಳು, ನೀನು ಕೆಡಬ್ಯಾಡ.”

ಆಮೇಲೂ ಅವರು ಎರಡು ವರ್ಷ ಇದ್ದರು. ಪೇಪರಿನಲ್ಲಿ ತಪ್ಪು ಕಂಡರೂ ಪೆನ್ನು ಮುಟ್ಟಲಿಲ್ಲ. ತಮಗೇ ತಪ್ಪಾಗಿ ಕಾಣುತ್ತಿದೆಯೇನೋ ಎಂದು ಅಕ್ಕನನ್ನು ಕರೆದು ಕೇಳುತ್ತಿದ್ದರು. ಆ ಎರಡು ವರ್ಷವೂ ನಾನು ಅದೇ ಮನೆಯಲ್ಲಿ, ಅವರ ತಟ್ಟೆಯ ಪಕ್ಕದಲ್ಲೇ ಕೂತು ಉಂಡೆ. ಹೇಳಲಿಲ್ಲ.