ಇನ್ನೊಂದು ಕಾಲು

ಅವರ ಎಡಪಾದದ ಒಳಮಗ್ಗುಲಲ್ಲಿ ಬೆರಳುದ್ದದ ಹೊಲಿಗೆ ಗುರುತಿತ್ತು. ಅದಕ್ಕೆ ಉಜ್ಜಬಾರದೆಂದು ಚಪ್ಪಲಿಯ ಪಟ್ಟಿಯನ್ನು ಅಷ್ಟಗಲ ಬ್ಲೇಡಿನಲ್ಲಿ ಕೊಯ್ದುಕೊಂಡಿದ್ದರು. ನಂಜನಗೂಡಿನ ಆ ಪುಟ್ಟ ಎಕ್ಸ್‌ರೇ ಕೋಣೆಗೆ ಕಾಲೆಳೆಯುವ ಸದ್ದು ಮೊದಲು ಬರುತ್ತಿತ್ತು, ಆಮೇಲೆ ಅವರು. ಎಲ್ಲರಿಗೂ ಅವರು ಎಕ್ಸ್‌ರೇ ಮೇಷ್ಟ್ರು.

ನಾನು ಬನ್ನೂರಿನ ಬೆಲ್ಲದ ವ್ಯಾಪಾರಿ. ಪಕ್ಕದ ತಾಂಡ್ಯದಲ್ಲಿ ಲೋಡ್ ಇಳಿಸುವಾಗ ಜಾರಿ ಬಿದ್ದು ಬಲಪಾದ ಊದಿಕೊಂಡಿತ್ತು. ಮೇಷ್ಟ್ರು, “ಎರಡೂ ಕಾಲು ಇಡಿ” ಅಂದರು.

“ನೋವು ಒಂದರಲ್ಲಿ ಕಣ್ರೀ, ಎರಡಕ್ಕೆ ಯಾಕೆ ಕಾಸು?” ಅಂದೆ. ಚೌಕಾಸಿಯಿಲ್ಲದೆ ನಾನು ಸೂಜಿಯನ್ನೂ ಕೊಂಡವನಲ್ಲ.

“ಬೆಲ್ಲದ ಮಂಡಿ ಅನ್ಕೊಂಡ್ರಾ ಇದನ್ನ?” ಎಂದು ನಕ್ಕು ಒಂದನ್ನೇ ತೆಗೆದುಕೊಟ್ಟರು.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಪಾದದ ಒಳಮಗ್ಗುಲಲ್ಲಿ ಬಟಾಣಿಯಷ್ಟು ಮೂಳೆಚೂರು ಬೇರೆಯಾಗಿ ನಿಂತಿತ್ತು. “ಮುರಿದಂಗಿದೆ. ಮೈಸೂರಿಗೆ ಹೋಗಿ, ಆಪರೇಷನ್ ಆಗಬಹುದು.” ನನ್ನ ಜೀವವೇ ಹಾರಿತು. ಆಲೆಮನೆಗಳ ಒಲೆ ಹೊತ್ತಿದ್ದ ಸಮಯ. ಓಡಾಡದಿದ್ದರೆ ನನ್ನ ವ್ಯಾಪಾರ ಮುಗಿದಂತೆಯೇ.

ಹೊರಗೆ ಬಂದವನ ಮುಖ ನೋಡಿ ಮೇಷ್ಟ್ರು ತೋಳು ಹಿಡಿದು ಒಳಕ್ಕೆ ಎಳೆದರು. “ಬನ್ನಿ ಸಾ, ಇದು ನನ್ನ ಕಡೆಯಿಂದ.” ಎಡಪಾದದ್ದನ್ನೂ ತೆಗೆದು ಎರಡನ್ನೂ ಜೋಡಿಸಿ ಹಿಡಿದರು. ನಾನು ಬೆಚ್ಚಿಬಿದ್ದೆ. ನೋವೇ ಇಲ್ಲದ ಕಾಲಲ್ಲೂ ಅದೇ ಜಾಗ, ಅದೇ ಚೂರು!

“ಅಂಚು ನೋಡಿ. ಅಚ್ಚಲ್ಲಿ ಹುಯ್ದ ಬೆಲ್ಲ ನುಣ್ಣಗಿರ್ತದೆ, ಒಡೆದದ್ದು ಚೂಪು. ಇದು ನುಣ್ಣಗಿದೆ. ಹುಟ್ಟುತ್ತಾನೇ ಬಂದಿರೋ ಮೂಳೆ. ಕೆಲವರಿಗೆ ಒಂದು ಹೆಚ್ಚಿಗೆ ಇರ್ತದೆ.”

ಡಾಕ್ಟರೂ ಎರಡನ್ನೂ ನೋಡಿ ಒಪ್ಪಿದರು. ಬರೀ ಉಳುಕು.

“ನಿಮಗೆಂಗೆ ಹೊಳೀತು?” ಅಂದೆ. ಮೇಷ್ಟ್ರು ತಮ್ಮ ಹೊಲಿಗೆ ಗುರುತಿನ ಮೇಲೆ ಬೆರಳಿಟ್ಟರು. “ನಂದನ್ನ ಮುರಿದದೆ ಅಂತ ಕೊಯ್ದುಬುಟ್ರು. ಇನ್ನೊಂದು ಕಾಲನ್ನ ಯಾರೂ ನೋಡ್ಲಿಲ್ಲ.”



ಕಳೆದ ತಿಂಗಳು ತಿ. ನರಸೀಪುರದಲ್ಲಿ ನನ್ನ ಮಗಳು ಮೆಟ್ಟಿಲು ತಪ್ಪಿ ಬಿದ್ದು ಪಾದ ಊದಿಸಿಕೊಂಡಳು. ಮೇಷ್ಟ್ರಿಗೆ ಫೋನ್ ಮಾಡಿದೆ. ಎತ್ತಿದ್ದು ಅವರ ಹೆಂಡತಿ. “ಅವರು ಹೋಗಿ ಹದಿನೈದು ದಿನ ಆಯ್ತಲ್ಲಪ್ಪ, ನಿಮಗೆ ಗೊತ್ತಾಗ್ಲಿಲ್ವಾ?” ಫೋನ್ ಕಿವಿಗೆ ಹಿಡಿದೇ ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತೆ. ಅಷ್ಟು ಹತ್ತಿರ ಇದ್ದೂ ಒಂದು ಸಲ ನೋಡಿ ಬಂದಿರಲಿಲ್ಲ.

ನನ್ನ ಮಾತು ಕೇಳಿ: ಚೌಕಾಸಿ ಎಲ್ಲಿ ಬೇಕಾದರೂ ಮಾಡಿ, ಎಕ್ಸ್‌ರೇ ಕೋಣೆಯಲ್ಲಿ ಮಾತ್ರ ಬೇಡ.

ನರಸೀಪುರದ ಎಕ್ಸ್‌ರೇ ಹುಡುಗಿ ಕೇಳಿದಳು, “ಒಂದೇ ಕಾಲು ತಾನೆ ಅಂಕಲ್? ಎರಡಾದ್ರೆ ರೇಟು...”

“ರೇಟು ಆಮೇಲೆ ಹೇಳು ತಾಯಿ,” ಅಂದೆ. “ಡಾಕ್ಟರನ್ನ ಕೇಳಿ ಬಂದಿದ್ದೀನಿ. ಎರಡೂ ತೆಗಿ.”