ದೊಡ್ಡಬಸಪ್ಪ ಬಾಯಿ ತೆರೆದ ಸೋಮವಾರ

ಕಂಪ್ಲಿಯ ಅಕ್ಕಿ ಗಿರಣಿ ದೊಡ್ಡಬಸಪ್ಪನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಗಿಟಾರಿನ ಹುಚ್ಚು ಹಿಡಿದದ್ದು ಸುಮ್ಮನೆ ಅಲ್ಲ. ಹತ್ತು ವರ್ಷದಿಂದ ಸೋಮವಾರದ ಭಜನೆಗೆ ಒಂದು ದಿನವೂ ತಪ್ಪಿಸದೆ ಹೋಗುತ್ತಿದ್ದ. ಆದರೆ ಇವನು ಒಂದು ಸಾಲಿಗೆ ಬಾಯಿ ಹಾಕಿದರೆ ಸಾಕು, ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವ ಉಚ್ಚೆಂಗೆಪ್ಪ ಕಣ್ಣು ಕೆಂಪು ಮಾಡುತ್ತಿದ್ದ. "ಲೇ ಬಸಪ್ಪ, ಶಿವ ಕೈಲಾಸ ಬಿಟ್ಟು ಓಡ್ತಾನ! ಬಾಯಿ ಮುಚ್ಚು, ತಾಳ ಹಾಕು." ಒಮ್ಮೆಯಾದರೂ ಪೂರಾ ಒಂದು ಭಜನೆ ಪದ ಹಾಡಬೇಕು ಎಂಬುದೇ ದೊಡ್ಡಬಸಪ್ಪನ ಆಸೆ, ಪಾಪ.

ಸಂಗೀತದ ಶಾಸ್ತ್ರ ಕಲಿತರೆ ಶ್ರುತಿ ತಾನಾಗಿ ಬರುತ್ತದೆ ಎಂದು ಮಗಳು ಸ್ಫೂರ್ತಿ ಹೇಳಿದಳು. ಹೊಸಪೇಟೆಯಿಂದ ಗಿಟಾರ್ ಬಂತು, ಗಿರಣಿಯ ಲ್ಯಾಪ್‌ಟಾಪಿಗೆ ಸಂಗೀತ ಕಲಿಸುವ ಸಾಫ್ಟ್‌ವೇರ್ ಬಂತು. ಅದು ತೋರಿಸಿದ ಸ್ವರವನ್ನು ತಂತಿಯಲ್ಲಿ ಮೀಟಬೇಕು. ಅದು ಕೇಳಿಸಿಕೊಂಡು, ಸರಿಯಿದ್ದರೆ ಪರದೆಯ ಮೇಲೆ ಹಸಿರು, ತಪ್ಪಿದರೆ ಕೆಂಪು ತೋರಿಸುತ್ತದೆ.

ಮೊದಲ ಪಾಠ ಒಂದೇ ಸ್ವರದ್ದು. ಹಸಿರೋ ಹಸಿರು! ದೊಡ್ಡಬಸಪ್ಪ ಮೀಸೆ ತಿರುವಿ, ಬುತ್ತಿ ತಂದಿದ್ದ ಹೆಂಡತಿ ಗಂಗಾಂಬಿಕಾಳಿಗೆ ತೋರಿಸಿದ.

"ರೀ, ನೀವಿನ್ನೂ ತಂತೀನ ಮುಟ್ಟಿಲ್ಲಲ್ರೀ! ಸ್ವಲ್ಪ ಗಿರಣಿ ನಿಲ್ಲಿಸಿ ನೋಡ್ರಿ."

ಗಿರಣಿ ನಿಲ್ಲಿಸಿದರೆ ಹಸಿರು ಮಾಯ. ಯಂತ್ರದ ಗುಂಯ್ ಸದ್ದು ಲ್ಯಾಪ್‌ಟಾಪಿನ ಮೈಕಿಗೆ ಬಿದ್ದು, ಅಷ್ಟು ಹೊತ್ತು ಪಾಸಾಗುತ್ತಿದ್ದದ್ದು ಗಿರಣಿ!

ಮಾನ ಹೋಯಿತು, ಹಟ ಹೋಗಲಿಲ್ಲ. ಭತ್ತ ಸಿಕ್ಕಿಕೊಂಡರೆ ಯಂತ್ರದ ದನಿ ಒಂದೆಳೆ ಇಳಿಯುತ್ತದೆ. ಊಟಕ್ಕೆ ಕೂತಲ್ಲಿಂದಲೇ ಅದನ್ನು ಹಿಡಿದು "ಬಂದ್ ಮಾಡ್ರಲೇ!" ಎಂದು ಕೂಗುವ ಗಂಡಸು ಅವನು. ಎರಡು ಸ್ವರದಲ್ಲಿ ಕೆಳಗಿನದು ಯಾವುದು ಎಂದು ಸಾಫ್ಟ್‌ವೇರ್ ಕೇಳಿದಾಗ, ಭತ್ತ ಸಿಕ್ಕಿಕೊಂಡ ಹಾಗೆ ಕೇಳಿಸಿದ್ದು ಯಾವುದೋ ಅದೇ ಕೆಳಗಿನದು ಎಂದು ಒತ್ತತೊಡಗಿದ. ಹಸಿರು! ಮೂರು ಸ್ವರ ಒಟ್ಟಿಗೆ ಮೀಟುವ ಕಾರ್ಡ್‌ಗಳಲ್ಲಿ ಮೇಜರ್ ಅಂದರೆ ನಗುತ್ತ ಬಂದ ಬೀಗರು, ಮೈನರ್ ಅಂದರೆ ಮುನಿಸಿಕೊಂಡ ಬೀಗರು. ನಡುವೆ ಒಂದೇ ಬೆರಳಿನ ವ್ಯತ್ಯಾಸ. ನಾಲ್ಕು ತಿಂಗಳಲ್ಲಿ ಬೆರಳ ತುದಿ ದಡ್ಡುಗಟ್ಟಿತು, ಕಿವಿ ಚುರುಕಾಯಿತು.

ಒಂದು ಸೋಮವಾರ ಭಜನೆಗೆ ಗಿಟಾರ್ ಹೊತ್ತು ಹೋಗಿ, ಎಲ್ಲರೆದುರು ಹೇಳಿಯೇಬಿಟ್ಟ. "ಉಚ್ಚೆಂಗೆಪ್ಪಣ್ಣ, ನಿಮ್ಮ ಪೆಟ್ಟಿಗ್ಯಾಗ ಒಂದು ಸ್ವರ ಇಳದೈತ್ರಿ." ಅದೇ ಸ್ವರವನ್ನು ಪೆಟ್ಟಿಗೆಯಲ್ಲೊಮ್ಮೆ, ಗಿಟಾರಿನಲ್ಲೊಮ್ಮೆ ನುಡಿಸಿ ಕೇಳಿಸಿದ. ಹೌದೌದು ಎಂದರು ಎಲ್ಲರೂ.

ಉಚ್ಚೆಂಗೆಪ್ಪ ತಲೆ ಕೆರೆದುಕೊಂಡ. "ಭಾಳ ಶಾಣ್ಯಾ ಆಗಿಬಿಟ್ಟೀಯಲ್ಲೋ! ಆತು, ಇವತ್ತ ನೀನ ಹಾಡು."

ಹತ್ತು ವರ್ಷದ ಆಸೆ! ದೊಡ್ಡಬಸಪ್ಪ ಕಣ್ಣು ಮುಚ್ಚಿ ದನಿ ತೆಗೆದ. ಎರಡನೆಯ ಸಾಲಿಗೆ ಅವನ ಮುಖ ಹುಳ್ಳಗಾಯಿತು. ಮೂರನೆಯದಕ್ಕೆ ತಾನಾಗಿಯೇ ನಿಂತುಬಿಟ್ಟ. ಕಿವಿ ಕಲಿತಿತ್ತು, ಗಂಟಲು ಎಲ್ಲಿ ಕಲಿತಿತ್ತು? ತನ್ನ ದನಿ ಇರುವ ಹಾಗೆ ಅವನಿಗೆ ಕೇಳಿಸಿದ್ದು ಅದೇ ಮೊದಲು.

"ಅಯ್ಯೋ ಶಿವನ! ಇದನ್ನ ಇಷ್ಟು ವರ್ಷ ಹೆಂಗ ತಡಕೊಂಡ್ರಪ್ಪಾ?" ಎಂದ. ಕಣ್ಣಲ್ಲಿ ನೀರೇ ಬಂದಿತ್ತು.

ಉಚ್ಚೆಂಗೆಪ್ಪ ಅವನ ತೋಳು ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡ. "ಎಲ್ಲಿ ತಡಕೊಂಡ್ವಿ? ನಿನ್ನ ದನಿ ಮುಚ್ಚಾಕಂತ ಪೆಟ್ಟಿಗಿ ತಿದಿ ಒತ್ತಿ ಒತ್ತಿನ ಈ ಸ್ವರ ಇಳದಿದ್ದು! ಬಾರ್ಸು, ಗಿಟಾರ್ ಬಾರ್ಸು."