ಕಾಗದನಗರದ ತೆಪ್ಪದ ರೇಸು

ತೆಪ್ಪಕ್ಕೆ ಹಿಂದು ಮುಂದು ಎಂಬುದಿಲ್ಲ. ಗುಂಡಗೆ ಬುಟ್ಟಿಯಂತಿರುವ ಅದರಲ್ಲಿ ಕೂತು ನಮ್ಮಂಥವರು ಹುಟ್ಟು ಹಾಕಿದರೆ, ಅದು ಇದ್ದಲ್ಲೇ ಗಿರಗಿರನೆ ತಿರುಗುತ್ತದೆ. ಇಂಥ ವಾಹನದಲ್ಲಿ ರೇಸು ನಡೆಸಬೇಕೆಂದು ಯಾರಿಗಾದರೂ ಏಕೆ ಅನ್ನಿಸಬೇಕೋ ಗೊತ್ತಿಲ್ಲ. ನಮ್ಮ ಭದ್ರಾವತಿಯ ಕಾಗದನಗರದವರಿಗಂತೂ ಪ್ರತಿ ಬೇಸಿಗೆಯಲ್ಲೂ ಅನ್ನಿಸುತ್ತಲೇ ಇದೆ.

ದೊಡ್ಡ ರಾಜಮನೆತನಗಳ ಚರಿತ್ರೆಯಂತೆ ಇದರದ್ದೂ ಜಗಳದಿಂದಲೇ ಆರಂಭ. ಕ್ವಾರ್ಟರ್ಸಿನ ಸೆಲ್ವರಾಜಣ್ಣ ಮತ್ತು ಅವರ ಪಕ್ಕದ ಮನೆಯವರು ಭದ್ರಾ ನದಿಯನ್ನು ಯಾರು ಮೊದಲು ದಾಟುತ್ತಾರೆಂದು ಪಂಥ ಕಟ್ಟಿ, ಲಾರಿ ಟ್ಯೂಬಿನ ಮೇಲೆ ಹೊರಟರಂತೆ. ಇಬ್ಬರೂ ಹೊರಟ ದಡಕ್ಕೇ ಬಂದು ತಲುಪಿದರು. ಮರುವರ್ಷ ಟ್ಯೂಬು ಹೋಗಿ ಮೀನುಗಾರರ ತೆಪ್ಪ ಬಂತು. ಇನ್ನೊಂದು ಬೇಸಿಗೆಯಲ್ಲಿ ನೀರು ಎಷ್ಟು ಕಡಿಮೆಯಿತ್ತೆಂದರೆ, ಒಬ್ಬ ಪುಣ್ಯಾತ್ಮ ತೆಪ್ಪವನ್ನು ತಲೆಯ ಮೇಲೆ ಕವುಚಿಕೊಂಡು ನಡೆದೇ ಆಚೆ ದಡ ಸೇರಿ ಬಹುಮಾನ ಹೊಡೆದ. ಅಂದಿನಿಂದ ತೀರ್ಪುಗಾರರಾದ ಸೆಲ್ವರಾಜಣ್ಣ, ಮನುಷ್ಯನು ತೆಪ್ಪದ ಒಳಗಿರತಕ್ಕದ್ದು ಎಂಬ ನಿಯಮ ತಂದರು.

ನಮ್ಮ ಮನೆಗೆ ಗ್ರಹಚಾರ ಹಿಡಿದದ್ದು ಕಳೆದ ವರ್ಷ. ನನ್ನ ಹೆಂಡತಿ ಗಿರಿಜಾ, ಶಿವಮೊಗ್ಗದ ಕೋಟೆ ಏರಿಯಾದಲ್ಲಿರುವ ಅವಳ ಅಕ್ಕ ಶಶಿಕಲಾ, ಬೇರೆ ಬೇರೆ ತೆಪ್ಪ ಹತ್ತಿದರು. ಎರಡೂ ಒಟ್ಟಿಗೇ ದಡಕ್ಕೆ ಬಡಿದವು. ಗೆದ್ದದ್ದು ನಾನೆಂದು ಇವಳು, ನಾನೆಂದು ಅವರು. ಮಾತು ನಿಂತುಹೋಯಿತು. ಹಬ್ಬಕ್ಕೆ ಅವರು ಬರಲಿಲ್ಲ, ಇವಳು ಕರೆಯಲೂ ಇಲ್ಲ. ನಾನೂ ನನ್ನ ಷಡ್ಡಕ ರುದ್ರೇಶನೂ ಬಸ್ ಸ್ಟ್ಯಾಂಡಿನಲ್ಲಿ ಕಳ್ಳರ ಹಾಗೆ ಸೇರಿ ಕಾಫಿ ಕುಡಿಯಬೇಕಾಯಿತು.

ಈ ವರ್ಷ ಇಬ್ಬರೂ ಮತ್ತೆ ಹೆಸರು ಕೊಟ್ಟರು. ಹುಟ್ಟು ಹಾಕಲು ಗಂಡಂದಿರು. ಒಬ್ಬರು ಸೋತರೆ ಸಂಬಂಧ ಪೂರ್ತಿ ಮುಳುಗಿದಂತೆಯೇ ಎಂದು ನಮಗಿಬ್ಬರಿಗೂ ಭಯ. ಸೀಟಿ ಊದಿದ್ದೇ ತಡ, ದಡ, ಸೇತುವೆ, ರುದ್ರೇಶ, ಮತ್ತೆ ದಡ, ಎಲ್ಲವೂ ಸರದಿಯಲ್ಲಿ ನನ್ನ ಕಣ್ಣೆದುರು ಹಾದುಹೋದವು.

"ನೆಟ್ಟಗೆ ಹೋಗ್ರೀ!" ಎಂದು ಗಿರಿಜಾ ಕೂಗಿದಳು.

"ನೆಟ್ಟಗೆ ಅಂದ್ರೆ ಯಾವ ಕಡೆಗೆ ಮಾರಾಯ್ತಿ?" ಎಂದೆ.

ತಿರುಗುತ್ತ ಹೋಗಿ ರುದ್ರೇಶನ ತೆಪ್ಪಕ್ಕೆ ಢಿಕ್ಕಿ ಹೊಡೆದೆ. ಎರಡೂ ಜೋಡಿಯಾಗಿ ನದಿಯ ನಡುವಿನ ಮರಳದಿಬ್ಬ ಏರಿ ಕೂತವು. ಉಳಿದವರೆಲ್ಲ ಕೈಬೀಸುತ್ತ ಮುಂದೆ ಹೋದರು.

ಅಕ್ಕತಂಗಿಯರ ಮೊಳಕಾಲು ತಾಗುವಷ್ಟು ಹತ್ತಿರ. ಮುಖ ಮಾತ್ರ ಒಬ್ಬರದು ಶಿವಮೊಗ್ಗದ ಕಡೆಗೆ, ಇನ್ನೊಬ್ಬರದು ತರೀಕೆರೆಯ ಕಡೆಗೆ. ನಾವಿಬ್ಬರೂ ಇಳಿದು ತಳ್ಳಿದೆವು. ತೆಪ್ಪ ಕದಲಲಿಲ್ಲ, ರುದ್ರೇಶ ಜಾರಿ ನೀರಲ್ಲಿ ಕೂತ. ಅವನನ್ನು ಎತ್ತಲು ಹೋಗಿ ಅವನ ಮೇಲೆ ನಾನು ಕೂತೆ. ಆಗ ಶಶಿಕಲಾ ಅವರ ಮೂಗಿನಿಂದ ಪುಸಕ್ಕೆಂದು ಸದ್ದು ಬಂತು.

"ನಿಮ್ಮನೆಯವ್ರೂ ಹೀಗೇ ಏನೇ?" ಎಂದರು ತಂಗಿಯನ್ನು ನೋಡಿ.

"ಹೀಗೇ ಕಣಕ್ಕ. ಖಾಲಿ ಸಿಲಿಂಡರ್ ತಳ್ಳಕ್ಕೂ ಬರಲ್ಲ," ಎಂದಳು ಗಿರಿಜಾ.

ಒಂದು ವರ್ಷ ಕಟ್ಟೆ ಹಾಕಿದ್ದ ಮಾತು ಒಡೆದು ಹರಿಯಿತು. ನಮ್ಮ ಬೊಜ್ಜು, ನಮ್ಮ ಗೊರಕೆ, ಒಂದನ್ನೂ ಬಿಡಲಿಲ್ಲ. ನಾವು ಮೊಳಕಾಲುದ್ದ ನೀರಿನಲ್ಲಿ ನಿಂತು ಖುಷಿಯಿಂದ ಬೈಸಿಕೊಂಡೆವು. ಸೆಲ್ವರಾಜಣ್ಣ ಇನ್ನೊಂದು ತೆಪ್ಪದಲ್ಲಿ ಹಗ್ಗ ತಂದು, "ಅಮ್ಮಾ, ಹಿಡ್ಕೊಳ್ಳಿ!" ಎಂದರೆ, ಇಬ್ಬರೂ ಒಂದೇ ದನಿಯಲ್ಲಿ, "ಸ್ವಲ್ಪ ಇರಿ ಅಣ್ಣಾ, ಮಾತಾಡ್ತಾ ಇದೀವಿ" ಎಂದರು.

ದಡಕ್ಕೆ ಬಂದಾಗ ಪೆಂಡಾಲು ಬಿಚ್ಚುತ್ತಿದ್ದರು. ಕೊನೆಯ ಸ್ಥಾನ ನಮ್ಮದೇ. ಇಬ್ಬರಲ್ಲಿ ಕಟ್ಟಕಡೆಯವರು ಯಾರೆಂದು ಈಗ ಹೊಸ ವಾದ ಶುರುವಾಗಿದೆ. ದಿನಾ ಬೆಳಿಗ್ಗೆ ಫೋನು ಮಾಡಿ, ತಿಂಡಿ ಏನೆಂದು ಕೇಳಿಕೊಂಡು, ಆಮೇಲೆ ಜಗಳ. ಅದು ಯಾವತ್ತೂ ಬಗೆಹರಿಯದಿರಲಪ್ಪಾ ಎಂದು ನಾನೂ ರುದ್ರೇಶನೂ ಬೇಡಿಕೊಳ್ಳುತ್ತಿದ್ದೇವೆ.